ಹಗ್ಗ ಬಿಟ್ಟವಳು

ಕೈರಂಪಣಿ ಬಲೆಗೆ ಒಂದು ದೊಡ್ಡ ಗುಣವಿದೆ. ಅದರ ಹಗ್ಗಕ್ಕೆ ಕೈ ಹಾಕಿದವರು ಯಾರೇ ಇರಲಿ, ಮೀನಿನಲ್ಲಿ ಅವರಿಗೂ ಪಾಲು ಕೊಡಲೇಬೇಕು. ದೋಣಿ ಯಾರದು, ಬಲೆ ಯಾರದು, ಎಳೆದವನು ಯಾವ ಊರಿನವನು ಎಂದು ಕೇಳುವ ಹಾಗಿಲ್ಲ. ಮುಂಬೈಯಿಂದ ರಜೆಗೆ ಬಂದ ನೆಂಟ ಪ್ಯಾಂಟು ಮಡಚಿಕೊಂಡು ನಾಲ್ಕು ಮಾರು ಎಳೆದರೂ ಅವನ ಕೈಚೀಲಕ್ಕೆ ಬಂಗುಡೆ ಬೀಳುತ್ತದೆ. ಇನ್ನೊಂದು ಕಟ್ಟಳೆ ಎಂದರೆ, ಎಳೆಯಲು ಶುರು ಮಾಡಿದ ಮೇಲೆ ನಡುವೆ ಹಗ್ಗ ಬಿಡಬಾರದು. ಬಲೆಯ ಎರಡು ತುದಿಗಳನ್ನು ಎರಡು ಸಾಲು ಜನ ದಡದಲ್ಲಿ ನಿಂತು ಎಳೆಯುತ್ತಾರೆ. ಒಂದು ಸಾಲು ಸಡಿಲ ಬಿಟ್ಟರೆ ಬಲೆ ಓರೆಯಾಗಿ ಮೀನೆಲ್ಲ ವಾಪಸ್ ಕಡಲಿಗೆ. ಕಿರಿಮಂಜೇಶ್ವರ ದಾಟಿ ಹೆದ್ದಾರಿಯಿಂದ ಪಡುವಣಕ್ಕೆ ಇಳಿದರೆ ಸಿಗುವ ಆ ಸಣ್ಣ ಕೇರಿಯಲ್ಲಿ ದೇವರ ಹರಕೆ ಮರೆತವರಿದ್ದಾರೆ, ಈ ಎರಡು ಕಟ್ಟಳೆ ಮರೆತವರಿರಲಿಲ್ಲ.

ಮೊದಲು ಮರೆತವಳು ಜಲಜ.

ಜಲಜ ಮೀನು ಮಾರುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೆಡಿಗೆ ಹೊತ್ತು ಮಗ ವಿಶಾಲನನ್ನು ದೊಡ್ಡವನನ್ನಾಗಿ ಮಾಡಿದವಳು. ಬಾಯಿ ಜೋರು, ಲೆಕ್ಕ ಸರಿ ಎಂದು ಅವಳಿಗೆ ಹೆಸರು. ನವರಾತ್ರಿ ಕಳೆದ ಮೇಲಿನ ಒಂದು ಸಂಜೆ ಎಳೆಯಲು ಗಂಡಸರು ಸಾಲದೆ ಹೆಂಗಸರನ್ನೂ ಕರೆದಿದ್ದರು. ಅವಳು ಮಗನ ಬೆನ್ನ ಹಿಂದೆಯೇ ಹಗ್ಗ ಹಿಡಿದು ನಿಂತಿದ್ದಳು. ಅಲ್ಲಿಂದ ಕೂಗಳತೆಯಲ್ಲಿ, ಕಡಲಕೊರೆತಕ್ಕೆಂದು ಹಾಕಿದ ಕಲ್ಲುಗಳ ಮೇಲೆ, ಕಾಲೇಜಿನ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಕುಳಿತು ಚುರುಮುರಿ ತಿನ್ನುತ್ತಿದ್ದರು. ಅವರು ಮಾಡುತ್ತಿದ್ದ ಅನಾಚಾರ ಅಷ್ಟೇ.

ಬೈಕುಗಳು ಬಂದವು. ಮುಂದಿದ್ದವನು ಜಿತೇಂದ್ರ, ದೋಣಿ ನಡೆಸುವ ತಾಂಡೇಲ ರಾಜೀವನ ಮಗ. ಹಿಂದೆ ಅವನ ನಾಲ್ಕೈದು ಗೆಳೆಯರು. ಹುಡುಗನ ಹೆಸರು ಕೇಳಿದರು, ಹುಡುಗಿಯ ಹೆಸರು ಕೇಳಿದರು. ಇವೆರಡೂ ಒಟ್ಟಿಗೆ ಕುಳಿತುಕೊಳ್ಳುವ ಹೆಸರುಗಳಲ್ಲ ಎಂದು ಅಲ್ಲಿಯೇ ತೀರ್ಮಾನ ಮಾಡಿದರು. ಹುಡುಗನನ್ನು ಕಲ್ಲಿನಿಂದ ಕೆಳಗೆ ಎಳೆದು ಹೊಡೆದರು. ಒಬ್ಬ ವಿಡಿಯೋ ತೆಗೆಯಲು ಮೊಬೈಲ್ ಹಿಡಿದ. ಹುಡುಗಿಯ ಕೆನ್ನೆಗೂ ಒಂದು ಬಿತ್ತು.

ಅವಳು ಅಳಲಿಲ್ಲ. "ನಾ ಯಾರತ್ರ ಮಾತಾಡ್ಕ್ ಅಂದೇಳಿ ನಿಮ್ಮತ್ರ ಕೇಣ್ಕಾ?" ಎಂದು ಕೂಗಿದಳು. ಆ ಮಾತು ಹಗ್ಗ ಹಿಡಿದ ಎರಡೂ ಸಾಲಿಗೆ ಕೇಳಿಸಿತು. ಆಗ ಇನ್ನೊಂದು ಬಿತ್ತು. ಮೊದಲನೆಯದು ಕುಳಿತದ್ದಕ್ಕೆ, ಎರಡನೆಯದು ಮಾತಾಡಿದ್ದಕ್ಕೆ. ಎರಡನೆಯದು ಜೋರಾಗಿತ್ತು.

ಜಲಜ ಹಗ್ಗ ಬಿಟ್ಟು ಓಡಿದಳು. "ಹ್ವಾಯ್ ಜಿತೇಂದ್ರ! ಕೈ ಕೆಳಗ್ ಹಾಕ್! ಹೆಣ್ಣ್ ಮಕ್ಳ ಮೈ ಮುಟ್ಟುಕೆ ನಿಂಗೆ ಯಾರ್ ಹೇಳಿರ್?"

"ಜಲಜಕ್ಕ, ನೀವ್ ಸುಮ್ನಿರಿ. ಇದ್ ನಿಮ್ಗ್ ಅರ್ಥ ಆಪುದಲ್ಲ."

"ಅರ್ಥ ಆಪುಕೆ ಎಂತ ಇತ್ತ್ ಇದ್ರಲ್ಲಿ?" ಎಂದು ಅವಳು ಮೀನಿನ ನೀರು ತಾಗಿದ ಸೆರಗನ್ನೇ ಹುಡುಗಿಯ ಭುಜಕ್ಕೆ ಸುತ್ತಿ, ರಸ್ತೆಗೆ ಕರೆದುಕೊಂಡು ಹೋಗಿ, ರಿಕ್ಷಾ ಹಿಡಿದು ಇಬ್ಬರನ್ನೂ ಠಾಣೆಗೆ ಮುಟ್ಟಿಸಿದಳು. ಹುಡುಗ ಹೆದರಿ ಕೇಸು ಬೇಡ ಎಂದ, ದೂರು ಕೊಟ್ಟವಳು ಹುಡುಗಿಯೇ. ಹೆಸರು ಕ್ಷಮಾ, ಸಾಲಿಗ್ರಾಮದ ಕಡೆಯವಳು. ಯಾರನ್ನೂ ಕೇಳದೆ ಅವಳೇ ಪೆನ್ನು ತೆಗೆದುಕೊಂಡು ಬರೆದದ್ದು ಜಲಜಳಿಗೆ ಬಹಳ ಹಿಡಿಸಿತು.

ಇತ್ತ ಹಗ್ಗವನ್ನು ಬೇರೆ ಯಾರೂ ಬಿಡಲಿಲ್ಲ. ಆ ದಿನ ಮೀನು ಚೆನ್ನಾಗಿಯೇ ಬಿತ್ತು. ಜಲಜಳ ಪಾಲನ್ನು ತೆಗೆದಿಟ್ಟು ವಿಶಾಲನ ಕೈಯಲ್ಲಿ ಮನೆಗೆ ಕಳಿಸಿದರು. ಒಮ್ಮೆ ಕೈ ಹಾಕಿದ್ದಳಲ್ಲ, ಕಟ್ಟಳೆ ಕಟ್ಟಳೆಯೇ.

ಮರುದಿನ ಪೊಲೀಸರು ಬಂದಾಗ ಇಡೀ ಕೇರಿಯದು ಒಂದೇ ಉತ್ತರ. "ನಮ್ ಕೈ ಹಗ್ಗದಗೆ ಇದ್ದಿತ್, ಕಣ್ಣ್ ಬಲಿ ಮೇಲ್ ಇದ್ದಿತ್. ನಾವ್ ಎಂತ ಕಾಣ್ಲಿಲ್ಲ." ಗುಡ್ಡ ಎಂಬ ಹಿರಿಯ ಒಂದು ಹೆಜ್ಜೆ ಮುಂದೆ ಹೋಗಿ, ಹಗ್ಗ ಹಿಡಿದವನು ತಿರುಗಿ ನೋಡಿದರೆ ಬಲೆಗೆ ಕೇಡು ಎಂದು ಪೊಲೀಸರಿಗೆ ಪಾಠ ಮಾಡಿದ. ಹಿಂದಿನ ಸಂಜೆಯೇ ಆ ವಿಡಿಯೋ ಎಲ್ಲರ ಮೊಬೈಲಿಗೆ ಬಂದಿತ್ತು. ಎಲ್ಲರೂ ಎರಡೆರಡು ಸಲ ನೋಡಿದ್ದರು, ಕೆಲವರು ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದರು. ಬೆಳಗಾಗುವಾಗ ಅದು ಎಲ್ಲ ಕಡೆ ಅಳಿಸಿಹೋಗಿತ್ತು. ಅದನ್ನು ತೆಗೆದ ಮೊಬೈಲ್ ಪಾಪ ಕಡಲಿಗೆ ಬಿದ್ದುಹೋಗಿತ್ತು. ಹೀಗೆ ಒಂದೇ ಬೆಳಗಿನಲ್ಲಿ ಒಂದು ಕೇರಿಗೆ ಕೇರಿಯೇ ಕುರುಡಾಯಿತು.

ಜಲಜ ಮಾತ್ರ ಹೆಸರು ಹಿಡಿದು ಹೇಳಿದಳು. ಹೊಡೆದವನು ಯಾರು, ಹಿಡಿದುಕೊಂಡವನು ಯಾರು, ಮೊಬೈಲ್ ಹಿಡಿದು ನಕ್ಕವನು ಯಾರು ಎಲ್ಲ. ಎಸ್‌ಐ ಎಳೆಯ ಪ್ರಾಯದವನು, ಕೆಟ್ಟವನಲ್ಲ. "ಅಮ್ಮ, ಕುಂದಾಪುರದ ಕೋರ್ಟಿನಲ್ಲಿ ನಿಮ್ಮ ಹೇಳಿಕೆ ಬರೆಸುತ್ತೇವೆ. ಆದರೆ ಒಬ್ಬರೇ ಹೇಳಿದರೆ, ದ್ವೇಷಕ್ಕೆ ಹೇಳಿದ್ದು ಅನ್ನುತ್ತಾರೆ. ಇನ್ನೊಬ್ಬರು ಹೇಳಿದರೆ ಗಟ್ಟಿಯಾಗುತ್ತದೆ" ಎಂದ.

ಇನ್ನೊಂದು ಬಾಯಿ ಸಾಕಿತ್ತು. ಆ ಬಾಯಿ ಜಲಜಳ ಮನೆಯಲ್ಲಿಯೇ ಗಂಜಿ ಉಣ್ಣುತ್ತಿತ್ತು.

"ನೀ ಕಂಡಿದ್ದಿಯಲ್ದ?" ಅವಳು ಮಗನನ್ನು ಕೇಳಿದಳು.

"ಕಂಡಿದ್ದೆ."

"ಮತ್ತೆಂತಕೆ ಹೇಳುದಿಲ್ಲೆ?"

"ಎಲ್ರೂ ಕಂಡಿದ್ರ್ ಅಬ್ಬಿ. ನಾನೊಬ್ನೇ ಎಂತಕೆ ಹೇಳ್ಕ್?" ವಿಶಾಲ ತಲೆ ಎತ್ತಲಿಲ್ಲ. "ನಾಳೆ ನಾ ಅದೇ ದೋಣಿ ಹತ್ಕಲ್ದ? ಅವ್ರೊಟ್ಟಿಗೇ ಕಡಲಿಗ್ ಹೋಯ್ಕಲ್ದ?"

"ಆ ಹೆಣ್ಣಿಗೆ ಬಾಯಿ ಇದ್ದಿತ್, ಅದಕ್ಕೇ ಪೆಟ್ಟ್ ಬಿತ್ತ್. ನಿಂಗೂ ಬಾಯಿ ಇತ್ತ್. ಉಂಬುಕೆ ಮಾತ್ರವಾ?"

ಅವನು ಬಟ್ಟಲು ಬಿಟ್ಟು ಎದ್ದುಹೋದ. ಜಲಜಳಿಗೆ ಹೊಟ್ಟೆ ಉರಿಯಿತು. ಮಗ ಹೆದರಿದ್ದಕ್ಕಲ್ಲ, ಹೆದರಿಕೆಗೂ ಒಂದು ನ್ಯಾಯ ಮಾತಾಡಲು ಕಲಿತನಲ್ಲ ಎಂದು. ಅವನು ತನ್ನ ಮಗ ಎಂಬುದರಿಂದಲೇ ಅದು ಇನ್ನೂ ಹೆಚ್ಚು ಉರಿಯಿತು.

ಕೇರಿಯಲ್ಲಿ ಬಹಿಷ್ಕಾರ ಎಂಬ ಮಾತನ್ನು ಯಾರೂ ಬಾಯಲ್ಲಿ ಆಡಲಿಲ್ಲ. ಅದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ಮರ್ಯಾದಸ್ಥರು. ಮೀನು ತುಂಬಿದ ಹೆಡಿಗೆಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಪಕ್ಕದವಳು ಒಂದು ಕೈ ಕೊಡಬೇಕು. ಪದ್ದು, ಗೋಮತಿ ಎಲ್ಲ ಇಷ್ಟು ಕಾಲ ಒಬ್ಬರಿಗೊಬ್ಬರು ಕೈ ಕೊಟ್ಟವರೇ. ಈಗ ಜಲಜ ಹೆಡಿಗೆಯ ಪಕ್ಕ ನಿಂತರೆ ಅವರಿಗೆ ಸೆರಗು ಸರಿಮಾಡಿಕೊಳ್ಳುವ ಕೆಲಸ ಬರುತ್ತಿತ್ತು. ಅವಳು ಹೆಡಿಗೆಯನ್ನು ಮೊಣಕಾಲಿನಿಂದ ನೂಕಿ ಕಟ್ಟೆಗೆ ಏರಿಸಿ, ಅಲ್ಲಿ ಬಗ್ಗಿ ತಲೆ ಕೊಟ್ಟು ಎತ್ತಿಕೊಳ್ಳುವುದನ್ನು ಕಲಿತಳು. ಮನೆಗೆ ಬಂದು ಒಬ್ಬಳೇ ಕುಳಿತಾಗ ಕುತ್ತಿಗೆ ನೋವಿನ ನೆಪದಲ್ಲಿ ಅತ್ತಳು.

ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬರು ಬಂದು ಅಂಗಳದಲ್ಲಿಯೇ ನಿಂತರು. ಕ್ಷಮಾಳ ತಂದೆ ದಿನಕರ, ದೇವಸ್ಥಾನದಲ್ಲಿ ಚಾಕರಿ ಮಾಡುವವರು. ಎಷ್ಟು ಕರೆದರೂ ಒಳಗೆ ಬರಲಿಲ್ಲ, ಕೊಟ್ಟ ನೀರನ್ನು ಮಾತ್ರ ಕುಡಿದರು.

"ನಿಮ್ಮಿಂದ ನಮ್ಗ್ ಉಪಕಾರವೇ ಆಯ್ತ್. ಇಲ್ಲ ಅಂಬುದಿಲ್ಲೆ. ಆದ್ರೆ ಇದನ್ನ್ ಇನ್ನ್ ಮುಂದೆ ತಕಂಡ್ ಹೋಪ್ದ್ ಬೇಡ. ನಾಳೆ ಅವ್ಳಿಗೊಂದ್ ಮದಿ ಆಯ್ಕಲ್ದ?"

"ಕ್ಷಮಾ ಎಂತ ಹೇಳ್ತ್ಳ್?"

"ಅವ್ಳ್ ಎಂತ ಹೇಳುದು! ಕಾಲೇಜ್ ಬಿಡ್ಸಿದ್ದೆವ್. ಮೊಬೈಲ್ ನಮ್ಮತ್ರವೇ ಇತ್ತ್."

"ಅವ್ರ್ ಎರಡ್ ಹೊಡ್ದ್ರ್. ನೀವ್ ಬಾಯೇ ಕಟ್ಟಿದ್ರಿ" ಎಂದಳು ಜಲಜ.

ದಿನಕರರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಜೀವ ಆ ಮುಖದಲ್ಲಿರಲಿಲ್ಲ. ಸ್ಕೂಟರ್ ತಿರುಗಿಸಿಕೊಂಡವರು ಯಾಕೋ ನಿಂತು, ಹೇಳಬಾರದೆಂದುಕೊಂಡು ಬಂದದ್ದನ್ನೇ ಹೇಳಿಬಿಟ್ಟರು. "ದಿನಾ ಒಂದೇ ಕೇಣ್ತ್ಳ್. ಆ ಅಮ್ಮ ಹೇಳ್ತ್ರಾ ಅಪ್ಪಯ್ಯ, ಅಂದೇಳಿ."

ಜಲಜಳಿಗೆ ಹಿಂದೆ ಸರಿಯಲು ಒಂದು ದಾರಿ ಇದ್ದದ್ದೂ ಈ ಒಂದು ಮಾತಿನಿಂದ ಮುಚ್ಚಿಹೋಯಿತು.

ಕೋರ್ಟಿನ ದಿನ ಹತ್ತಿರ ಬಂದಾಗ ತಾಂಡೇಲ ರಾಜೀವ ತಾನೇ ಬಂದ. ಗದರಿಸಲಿಲ್ಲ, ಚಾ ಕುಡಿದ. "ಜಲಜ, ಮುಖ ಸಮ ಕಾಣ್ಲಿಲ್ಲ ಅಂದೇಳಿ ಒಂದ್ ಮಾತ್ ಹೇಳ್. ಸುಳ್ಳೂ ಅಲ್ಲ, ಸಂಜಿ ಆಯಿತ್ತಲ್ದ? ನಾಳಿಂದ ಎಲ್ಲ ಮುಂಚಿನ್ ಹಾಂಗೇ."

"ರಾಜೀವಣ್ಣ, ನೀವ್ ನಂಗಿಂತ ಮುಂದೆ ನಿಂತಿದ್ರಿ. ನೀವೂ ಕಂಡಿದ್ರಿ. ಮಗ ಅಂದೇಳಿ ಪೊಲೀಸ್ರತ್ರ ಹೇಳುದ್ ಬೇಡ, ಹೊಡಿಬೇಡ ಅಂದೇಳಿ ಒಂದ್ ಕೂಗ್ ಹಾಕುಕೂ ಆಯ್ಲಿಲ್ಯಾ?"

ರಾಜೀವ ಲೋಟ ಕೆಳಗಿಟ್ಟ. "ನನ್ನ ಕೈಯಗೆ ಹಗ್ಗ ಇದ್ದಿತ್ ಮಾರಾಯ್ತಿ. ತಾಂಡೇಲನೇ ಬಿಟ್ರೆ ಕೇರಿ ಹೊಟ್ಟಿ ಎಂತ ಆತ್ತ್? ಹಗ್ಗ ಬಿಡುಕಾಗ."

ಅವನು ಅದನ್ನು ನಿಜವಾಗಿಯೂ ನಂಬಿದ್ದ. ಅಪ್ಪ, ಅಜ್ಜ ಕಲಿಸಿಕೊಟ್ಟ ಮಾತು ತನ್ನನ್ನು ಕಾಪಾಡುತ್ತದೆ ಎಂದು ಅವನಿಗೆ ನೆಮ್ಮದಿ.

ಕೋರ್ಟಿಗೆ ಹೋಗುವ ಹಿಂದಿನ ದಿನ, ಮಧ್ಯಾಹ್ನ ಇಳಿಯುವಾಗ, ದಡದ ಹತ್ತಿರವೇ ಬೈಗೆ ಮೀನಿನ ದೊಡ್ಡ ಹಿಂಡು ಬಂತು. ನೀರು ಕಪ್ಪಾಗಿ, ಮೇಲೆ ಹಕ್ಕಿಗಳು ಮುತ್ತಿದವು. ದೋಣಿ ಸುತ್ತು ಹಾಕಿ ಬಲೆ ಬಿಟ್ಟು ಬಂತು. ಎಷ್ಟೋ ದಿನದಿಂದ ಖಾಲಿ ಬಲೆ ಎಳೆದ ಕೇರಿ ಅದು. ಬನ್ನಿ ಬನ್ನಿ ಎಂಬ ಕೂಗು ಮನೆಮನೆಗೂ ಕೇಳಿತು. ಜಲಜಳೂ ಇಳಿದುಹೋದಳು. ಮೀನಿನ ಆಸೆಯಿಂದಲ್ಲ. ಹಗ್ಗಕ್ಕೆ ಕೈ ಹಾಕಿದವರನ್ನು ಬೇಡ ಎನ್ನಲು ಯಾರಿಂದಲೂ ಆಗದು, ಅದೊಂದು ಕಡೆಯಾದರೂ ತಾನು ಈ ಊರಿನವಳು ಎಂದು ಅವಳು ನಂಬಿದ್ದಳು. ಮಗನ ಬೆನ್ನ ಹಿಂದೆ ಹೋಗಿ ನಿಂತು ಹಗ್ಗ ಹಿಡಿದಳು.

ಯಾರೂ ಬೇಡ ಎನ್ನಲಿಲ್ಲ. ಗುಡ್ಡ ಒಮ್ಮೆ ತಿರುಗಿ ನೋಡಿ ಹಗ್ಗ ಬಿಟ್ಟ. ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ. ಅವನ ಮುಂದಿನವನು ಬಿಟ್ಟ. ಪದ್ದು ಬಿಟ್ಟಳು. ಬೈಗುಳ ಇಲ್ಲ, ಗಲಾಟೆ ಇಲ್ಲ, ಒಬ್ಬೊಬ್ಬರೇ ಬಿಡುತ್ತಾ ಬಂದರು. ಆಚೆಯ ಸಾಲು ಎಳೆಯುವುದನ್ನು ನಿಲ್ಲಿಸಿ ನೋಡುತ್ತಿತ್ತು. ಈಚೆಯ ಸಾಲಿನ ತುದಿಯಲ್ಲಿ ರಾಜೀವನಿದ್ದ. ಅವನು ತುಂಬಿದ ಬಲೆಯನ್ನು ಒಮ್ಮೆ ನೋಡಿದ, ಜಲಜಳನ್ನು ಒಮ್ಮೆ ನೋಡಿದ. ಹಗ್ಗ ಬಿಡುಕಾಗ ಎಂದಿದ್ದ ತಾಂಡೇಲ ಹಗ್ಗ ಬಿಟ್ಟ.

ಉಳಿದವರು ತಾಯಿ, ಮಗ ಇಬ್ಬರೇ. ಕಡಲು ಬಲೆಯನ್ನು ಆಚೆಗೆ ಎಳೆಯುತ್ತಿತ್ತು. ಇಬ್ಬರ ಹಿಮ್ಮಡಿಗಳೂ ಮರಳಿನಲ್ಲಿ ಹೂತುಹೋದವು.

"ಅಬ್ಬಿ, ಬಿಡ್" ಎಂದ ವಿಶಾಲ.

"ನೀ ಹಿಡ್ಕೋ ಮಗ. ಇಬ್ರ್ ಹಿಡ್ದ್ರೆ ನಿಲ್ಲತ್ತ್."

"ಎಲ್ರೂ ಕಾಂತಿದ್ರ್ ಅಬ್ಬಿ."

"ಕಾಣ್ಲಿ. ಹಿಡ್ಕೋ."

ಅವನು ತಿರುಗಿ ಅವಳ ಮುಖ ನೋಡಿದ. ಚಿಕ್ಕವನಿದ್ದಾಗ ಜ್ವರ ಬಂದರೆ ನೋಡುತ್ತಿದ್ದ ಹಾಗೆಯೇ ನೋಡಿದ. ಆಮೇಲೆ ಬಿಟ್ಟ.

ಹಗ್ಗ ಅವಳ ಅಂಗೈಯ ಚರ್ಮವನ್ನು ಸುಲಿದುಕೊಂಡು ಓಡಿತು. ಅವಳು ಮುಂದಕ್ಕೆ ಮುಗ್ಗರಿಸಿ ನೀರಿಗೆ ಬಿದ್ದಳು, ಎದ್ದಳು, ಮತ್ತೆ ಹಿಡಿಯಲು ಹೋದಳು. ಬಲೆ ಓರೆಯಾಗಿ ತೆರೆಯ ಕೆಳಗೆ ಬಾಯಿಬಿಟ್ಟಿತು. ಬೈಗೆಯ ಹಿಂಡು ಬೆಳ್ಳಗೆ ಹೊಳೆಯುತ್ತಾ ಜಾರಿಹೋಗುವುದು ಎಲ್ಲರಿಗೂ ಕಾಣಿಸಿತು. ಆಚೆಯ ಸಾಲೂ ಹಗ್ಗ ಕೆಳಗೆ ಹಾಕಿತು. ಈಗ ಯಾರ ಕೈಯಲ್ಲೂ ಹಗ್ಗವಿರಲಿಲ್ಲ, ಯಾರ ಕಣ್ಣಿಗೂ ಬಲೆಯ ನೆಪವಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬ ಹೆಂಗಸು ರಕ್ತದ ಕೈ ಹಿಡಿದುಕೊಂಡು ನಿಂತದ್ದನ್ನು ಇಡೀ ಕೇರಿ ಕಣ್ಣು ತುಂಬ ನೋಡಿತು. ಒಬ್ಬರೂ ಇಳಿದು ಬರಲಿಲ್ಲ. ವಿಶಾಲನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಜಲಜ ಎರಡೂ ಕೈಗೆ ಹಳೆಯ ಸೀರೆಯ ಬಟ್ಟೆ ಸುತ್ತಿಕೊಂಡು ಒಬ್ಬಳೇ ಕುಂದಾಪುರದ ಬಸ್ಸು ಹತ್ತಿದಳು. ಮೇಲಿನ ಸರಳು ಹಿಡಿಯಲಾಗದೆ ಮೊಣಕೈಯಿಂದ ಸೀಟಿಗೆ ಆನಿಸಿಕೊಂಡು ಹೋದಳು. ಕೋರ್ಟಿನ ಜಗಲಿಯಲ್ಲಿ ಕಾಯುತ್ತಿದ್ದ ಮಹಿಳಾ ಪೇದೆ ಅವಳನ್ನು ಕಂಡು ಎದ್ದುಬಂದಳು.

"ನಿಮ್ಗ್ ಫೋನ್ ಮಾಡಿತ್ತಲ್ದ? ಹೆಣ್ಣಿನ ಕಡಿಯೋರ್ ನಿನ್ನೆ ಸಂಜಿ ರಾಜಿ ಬರ್ದ್ ಕೊಟ್ರ್. ತಪ್ಪ್ ತಿಳಿದ್ ದೂರ್ ಕೊಟ್ಟದ್ದ್ ಅಂದೇಳಿ. ಇನ್ನ್ ನಿಮ್ಮ ಹೇಳಿಕೆ ಬೇಡ. ಹೋಪುದಾದ್ರೆ ಹೋಯ್ಲಕ್ಕ್."

"ಸಹಿ ಯಾರದ್ದ್?"

"ಆ ಹೆಣ್ಣಿಂದೇ."

ನಿನ್ನೆ ಸಂಜೆ ಎಂದರೆ ತನ್ನ ಕೈಯಿಂದ ಹಗ್ಗ ಜಾರಿದ ಹೊತ್ತು ಎಂದು ಜಲಜಳಿಗೆ ಹೊಳೆಯಿತು. ಅವಳು ಅಲ್ಲಿಯೇ ಬೆಂಚಿನ ಮೇಲೆ ಕುಳಿತಳು. ಬಟ್ಟೆಯ ಒಳಗೆ ಅಂಗೈ ಮಿಡಿಯುತ್ತಿತ್ತು. ಇಡೀ ದಾರಿ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಾಯಿಯವರೆಗೆ ಬಂದು ನಿಂತಿದ್ದವು. ಅವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ನಂದೊಂದ್ ಬರ್ಕಣಿ" ಎಂದಳು. "ಬೇಡ ಅಂದ್ರೂ ಬರ್ಕಣಿ. ನಾ ಕಂಡಿದ್ದೆ."

"ಅದ್ ಆತ್ತಿಲ್ಲೆ ಅಮ್ಮ. ದೂರೇ ಇಲ್ಲ ಅಂದ್ಮೇಲೆ ಎಂತ ಬರಿಯುದು?"

"ಹಂಗಾರೆ ಆ ಹೆಣ್ಣ್ ಕೇಂಡ್ರೆ ಒಂದ್ ಮಾತ್ ಹೇಳಿ. ಆ ಅಮ್ಮ ಹೇಳುಕೆ ಬಂದಿದ್ರ್ ಅಂದೇಳಿ."

ಪೇದೆಯ ಕಣ್ಣು ಜಲಜಳ ಕೈಯ ಬಟ್ಟೆಯಲ್ಲಿ ಹಬ್ಬುತ್ತಿದ್ದ ಕೆಂಪಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳೂ ಬೇರೆ ಕಡೆ ನೋಡಿದಳು.