ಹನ್ನೊಂದು ಕಿಲೋ ಹೆಚ್ಚು

ನನ್ನ ಗಂಡ ನೆವಿಲ್‌ಗೆ ಮಾರ್ಚಿನಲ್ಲಿ ಎಪ್ಪತ್ತು ತುಂಬಿತು. ಕೇಕು ತಿಂದು ಮುಗಿಸಿದ ಮರುವಾರವೇ ಡಾಕ್ಟರು ಅವನ ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ, ಭಾರಿ ಗಾಡಿಯ ಲೈಸೆನ್ಸಿಗೆ ಇನ್ನು ಸಹಿ ಹಾಕುವುದಿಲ್ಲ ಎಂದರು. ಮೂರೂವರೆ ಟನ್ನಿನೊಳಗೆ ಏನು ಬೇಕಾದರೂ ಓಡಿಸಲಿ, ಅದಕ್ಕಿಂತ ಒಂದು ಕಿಲೋ ಹೆಚ್ಚಿದ್ದರೂ ಇಲ್ಲ. ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ ನಮ್ಮ ಮೋಟಾರ್‌ಹೋಮು ಸಾಮಾನು ತುಂಬಿ ಹೊರಟರೆ ಮೂರು ಮುಕ್ಕಾಲು ಟನ್ನು ತೂಗುತ್ತದೆ. ನಾನೇ ಓಡಿಸೋಣವೆಂದರೆ ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಗೋತಾ ಹೊಡೆದವಳು.

"ಮಾರಿಬಿಡೋಣ ಹೇಜಲ್," ಎಂದ ನೆವಿಲ್.

"ಮಾರು, ಆಮೇಲೆ ನಿನ್ನನ್ನ ಎಲ್ಲಿ ಇಟ್ಕೊಳ್ಳಲಿ?" ಎಂದೆ.

ಹೇಳುವುದೇನಿದೆ, ನಮ್ಮ ಬೀದಿಯಲ್ಲಿ ನೆವಿಲ್ ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಕೆಲಸದಿಂದ ನಿವೃತ್ತನಾದ ಮೇಲೆ ಪಕ್ಕದ ಮನೆಯವರಿಗೂ ಹಲೋ ಎನ್ನುವುದಿಲ್ಲ. ಅದೇ ನಮ್ಮಂಥ ಗಾಡಿಯವರು ವಾರಾಂತ್ಯ ಒಟ್ಟಿಗೆ ತಂಗುವ ಕ್ಲಬ್ಬಿನ ರ‍್ಯಾಲಿಗೆ ಹೋದರೆ, ಗದ್ದೆಯ ಗೇಟು ದಾಟುವಷ್ಟರಲ್ಲಿ ಬೇರೆಯೇ ಆಸಾಮಿ. ಒಬ್ಬರ ನೀರಿನ ಪಂಪು, ಇನ್ನೊಬ್ಬರ ಹೀಟರು, ಎಲ್ಲರ ಗಾಡಿಯ ಕೆಳಗೂ ಅವನ ಕಾಲುಗಳೇ. ಹದಿನಾಲ್ಕು ಕಿಲೋದ ಹತ್ಯಾರಿನ ಪೆಟ್ಟಿಗೆ ಹಿಡಿದು ಶನಿವಾರ ಪೂರ್ತಿ ಓಡಾಡುತ್ತಾನೆ, ಬಯ್ಯುತ್ತಾನೆ, ನಗುತ್ತಾನೆ. ಆ ನೆವಿಲ್‌ನನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹಾಗಾಗಿ ಹಠಕ್ಕೆ ಬಿದ್ದೆ. ಗಾಡಿಯ ಕಾಗದಗಳಲ್ಲಿ ತೂಕದ ಮಿತಿಯನ್ನು ಮೂರೂವರೆ ಟನ್ನಿಗೆ ಇಳಿಸಿ ಬರೆಸಿದೆವು. ಬಾಗಿಲ ಮುಂದೆ ಕಟ್ಟುವ ದೊಡ್ಡ ಡೇರೆ ಹೋಯಿತು. ಎರಡನೆಯ ಗ್ಯಾಸ್ ಸಿಲಿಂಡರು, ಕಬ್ಬಿಣದ ಬಾಣಲೆ, ಮೂವತ್ತು ಡಬ್ಬಿ ಬೀನ್ಸ್, ನೆಲಹಾಸು, ಎಲ್ಲ ಗ್ಯಾರೇಜಿಗೆ ಹೋದವು. ರ‍್ಯಾಲಿಗೊಂದರಂತೆ ಇಪ್ಪತ್ತೆರಡು ವರ್ಷ ಸಿಕ್ಕಿದ ಹಿತ್ತಾಳೆಯ ಬಿಲ್ಲೆಗಳನ್ನು ಒಳಗಿನ ಗೋಡೆಗೆ ಜಡಿದಿದ್ದೆವು. ನೆವಿಲ್ ಒಂದೊಂದೇ ಸ್ಕ್ರೂ ಬಿಚ್ಚಿ ಅವನ್ನೂ ತೆಗೆದ.

ಉಳಿದದ್ದನ್ನು ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪಟ್ಟಿ ಬರೆದೆ. ಕಂಪನಿಯ ಕಾಗದದಲ್ಲಿದ್ದ ಗಾಡಿಯ ತೂಕಕ್ಕೆ ಎರಡು ತಟ್ಟೆ, ಹನ್ನೆರಡು ಚಮಚ, ಹಾಸಿಗೆ, ಟವೆಲ್ಲು, ಎಲ್ಲವನ್ನೂ ಕೂಡಿಸಿದೆ. ಮೂರು ಸಾವಿರದ ನಾನೂರ ನಲವತ್ತು ಬಂತು. ಅರವತ್ತು ಕಿಲೋ ಉಳಿತಾಯ! ಜಂಭದಿಂದ ಪಟ್ಟಿಯನ್ನು ಗಾಡಿಯ ಫ್ರಿಜ್ಜಿನ ಮೇಲೆ ಅಂಟಿಸಿದೆ.

ಮೇ ತಿಂಗಳ ರ‍್ಯಾಲಿ ಲಿಂಕನ್‌ಶೈರಿನ ಒಂದು ಹೊಲದಲ್ಲಿ. ಅಲ್ಲಿ ಗೋಧಿಯ ಲಾರಿ ತೂಗುವ ವೇಬ್ರಿಡ್ಜ್ ಇದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮವರೆಲ್ಲ ಟೀ ಮಗ್ಗು ಹಿಡಿದು ಅದರ ಸುತ್ತ ನಿಲ್ಲುತ್ತಾರೆ. ಗಾಡಿಗಳು ಒಂದೊಂದಾಗಿ ಹತ್ತುತ್ತವೆ. ರ‍್ಯಾಲಿ ನಡೆಸುವ ಕ್ಲಿಫರ್ಡ್ ಸೀಮೆಸುಣ್ಣದಿಂದ ಹಲಗೆಯ ಮೇಲೆ ತೂಕ ಬರೆಯುತ್ತಾನೆ. ಯಾರದಾದರೂ ಮಿತಿ ಮೀರಿದರೆ ತೂಕ ಇಳಿಸುವ ತನಕ ಮುಂದಿನ ರ‍್ಯಾಲಿಗೆ ಪ್ರವೇಶವಿಲ್ಲ. ಕ್ಲಬ್ಬಿನ ನಿಯಮ ಅದು, ಅಧ್ಯಕ್ಷರಿಗೂ ವಿನಾಯಿತಿ ಇಲ್ಲ.

"ಮೂರು ಸಾವಿರದ ಐನೂರು ದಾಟಿತೋ, ಸೋಮವಾರವೇ ಗಾಡಿ ಮಾರಿ ಕೀ ಕೊಟ್ಟುಬಿಡ್ತೀನಿ. ಆಮೇಲೆ ವಾದ ಬೇಡ," ಎಂದಿದ್ದ ನೆವಿಲ್.

"ಆಯ್ತು, ಹತ್ತಿಸು," ಎಂದೆ.

ಹತ್ತಿಸಿದ. ಕ್ಲಿಫರ್ಡ್ ಅಂಕಿ ನೋಡಿದ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ, ಬರೆದ. ಮೂರು ಸಾವಿರದ ಐನೂರ ಹನ್ನೊಂದು.

ಕಿಟಕಿಯಿಂದ ಪಟ್ಟಿ ಆಡಿಸುತ್ತ, "ಮೆಷಿನ್ ಕೆಟ್ಟಿದೆ! ಒಂದೊಂದು ಚಮಚಾನೂ ತೂಗಿದ್ದೀನಿ!" ಎಂದು ಕೂಗಿದೆ.

ಕ್ಲಿಫರ್ಡ್ ಪಟ್ಟಿ ಇಸಿದುಕೊಂಡು ಮೇಲಿಂದ ಕೆಳಗೆ ಓದಿದ. "ಚಮಚ ಇದೆ, ಟವೆಲ್ಲಿದೆ, ಟೀ ಪುಡಿ ಇದೆ. ಹೇಜಲ್ ಎಲ್ಲಿ?"

"ಯಾವ ಹೇಜಲ್?"

"ನೀನೇ ಮಾರಾಯ್ತಿ! ಕಂಪನಿಯವರು ಡ್ರೈವರನ್ನ ಮಾತ್ರ ಲೆಕ್ಕಕ್ಕೆ ಹಿಡೀತಾರೆ. ಪಕ್ಕದಲ್ಲಿ ಕೂರೋರನ್ನ ನಾವೇ ಸೇರಿಸ್ಬೇಕು."

ಜನ ಹೋ ಎಂದು ನಕ್ಕರು. ಎಪ್ಪತ್ತೊಂದು ಕಿಲೋದ ನನ್ನನ್ನು ನಾನೇ ಮರೆತಿದ್ದೆ. ನೆವಿಲ್ ನಗಲಿಲ್ಲ. ಎಂಜಿನ್ ಆರಿಸಿ ಕೀ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಹನ್ನೊಂದು ಕಿಲೋ ತಾನೇ? ಆ ಹತ್ಯಾರಿನ ಪೆಟ್ಟಿಗೆ ಇಳಿಸಿದ್ರೆ ಮುಗೀತು," ಎಂದ ಕ್ಲಿಫರ್ಡ್.

ನೆವಿಲ್ ಎದ್ದು ಹಿಂದೆ ಹೋಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಅವನ ಮುಖ ನಮ್ಮ ಬೀದಿಯಲ್ಲಿರುವಾಗಿನ ಮುಖವಾಗಿತ್ತು. ಇಳಿಸಲು ಬೇರೆ ಭಾರವೇನೂ ಉಳಿದಿರಲಿಲ್ಲ ನಿಜ, ಆದರೂ ನನಗೆ ರೇಗಿಹೋಯಿತು. ಪಂಪು ಬಿಚ್ಚದ ನೆವಿಲ್‌ನನ್ನು ಗದ್ದೆಗೆ ಕರೆತಂದು ನಾನು ಮಾಡುವುದೇನು?

"ಮುಟ್ಟಬೇಡ ಅದನ್ನ!" ಎಂದು, ಬಾಗಿಲು ತೆರೆದು ನಾನೇ ಕೆಳಗಿಳಿದೆ. "ಈಗ ನೋಡು ಕ್ಲಿಫರ್ಡ್."

ಮೂರು ಸಾವಿರದ ನಾನೂರ ನಲವತ್ತು.

"ಅದನ್ನ ಬರಿ. ಇನ್ಮೇಲೆ ಗಾಡಿ ಅವನು ತರ್ತಾನೆ. ನಾನು ಬಸ್ಸು, ರೈಲು ಹಿಡಿದು ಬರ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ?" ಎಂದ ನೆವಿಲ್.

"ಕೆಟ್ಟಿದ್ರೆ ಅದೂ ನನ್ ಜೊತೆನೇ ಇಳಿದಿದೆ, ತೂಕಕ್ಕೆ ಬರಲ್ಲ."

ನನ್ನ ಗೆಳತಿ ಮಾರ್ಲೀನ್ ಗೇಲಿ ಮಾಡಿದಳು. "ಹೆಂಡ್ತಿ ಇಳಿದ್ರೆ ಮೂವತ್ತು ಡಬ್ಬಿ ಬೀನ್ಸ್ ವಾಪಸ್ ಹತ್ತುತ್ತೆ ನೆವಿಲ್, ಒಳ್ಳೇ ಅದಲಿಬದಲಿ!"

ಭಾನುವಾರ ಮಧ್ಯಾಹ್ನ ರ‍್ಯಾಲಿ ಮುಗಿದು ಕ್ಲಬ್ಬಿನ ಧ್ವಜ ಇಳಿಸಿದ ಮೇಲೆ ನೆವಿಲ್‌ನನ್ನು ಗದರಿಸಿ ಕಳಿಸಿ, ಚೀಲ ಹಿಡಿದು ಹಳ್ಳಿಯ ಬಸ್ ನಿಲ್ದಾಣಕ್ಕೆ ಬಂದೆ. ಭಾನುವಾರ ಬಸ್ಸಿಲ್ಲ ಎಂದು ಅಲ್ಲಿ ಬರೆದಿತ್ತು. ರೈಲು ನಿಲ್ದಾಣ ನಾಲ್ಕು ಮೈಲಿ. ಬೈದುಕೊಳ್ಳುತ್ತಲೇ ನಡೆಯತೊಡಗಿದೆ.

ಕ್ಲಬ್ಬಿನ ಗಾಡಿಗಳು ಹಿಂದಿನಿಂದ ಬರುತ್ತಿದ್ದವು, ನನ್ನನ್ನು ಕಂಡು ನಿಧಾನಿಸುತ್ತಿದ್ದವು, ಪೆಚ್ಚಾಗಿ ಕೈಬೀಸಿ ಮುಂದೆ ಹೋಗುತ್ತಿದ್ದವು. ಎಲ್ಲರ ತೂಕವೂ ಹಲಗೆಯ ಮೇಲೆ ಬಂದಿತ್ತಲ್ಲ, ಯಾರಲ್ಲೂ ಎಪ್ಪತ್ತೊಂದು ಕಿಲೋ ಜಾಗವಿರಲಿಲ್ಲ. ಮಾರ್ಲೀನ್ ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದಳು.

"ನಂದರಲ್ಲಿ ನಲವತ್ತೈದು ಕಿಲೋಗೆ ಜಾಗ ಇದೆ ಕಣೇ. ಅರ್ಧ ಹತ್ತುತ್ತೀಯಾ?"

"ಯಾವ ಅರ್ಧ ಬೇಕು ನಿಂಗೆ?"

"ಬಾಯಿ ಇಲ್ಲದ್ದು."

"ಹೋಗೇ ಸಾಕು!"

ನಗುತ್ತ ಹೋದಳು. ಎರಡನೆಯ ಮೈಲಿಗೆ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು, ಮೂರನೆಯದಕ್ಕೆ ಒಡೆಯಿತು. ನಿಂತರೆ ಮತ್ತೆ ಹೊರಡಲಾರೆ ಎನಿಸಿ ನಿಲ್ಲಲಿಲ್ಲ.

ರೈಲು ನಿಲ್ದಾಣದ ಎದುರು ನಮ್ಮ ಗಾಡಿ ನಿಂತಿತ್ತು. ನಾನು ಕುಂಟುತ್ತ ಬರುವುದನ್ನು ಕಂಡು ನೆವಿಲ್ ಇಳಿದು ಓಡಿ ಬಂದ. ಅವನ ಕಣ್ಣು ತುಂಬಿತ್ತು.

"ಸಾಕು ಹೇಜಲ್. ಮಾರೋಣ. ನಿನ್ನ ಹೀಗೆ ನೋಡಕ್ಕಾಗಲ್ಲ ನಂಗೆ."

"ಜೂನಿನ ರ‍್ಯಾಲಿ ಎಲ್ಲಿ?"

"ನಾರ್ಫೋಕ್‌ನಲ್ಲಿ. ಯಾಕೆ?"

"ಅಲ್ಲಿ ಭಾನುವಾರ ಬಸ್ಸಿದೆಯಾ ವಿಚಾರಿಸು."

"ಇಲ್ದಿದ್ರೆ?"

"ಇಲ್ದಿದ್ರೆ ಬೇರೆ ಬೂಟು ಹಾಕ್ಕೊಂಡು ಬರ್ತೀನಿ."

ಅವನು ನಲವತ್ತೈದು ವರ್ಷದ ಅಭ್ಯಾಸದಿಂದ ನನ್ನ ಕಡೆಯ ಬಾಗಿಲು ತೆರೆದು ಹಿಡಿದ. ಒಳಗಿನ ಮೆತ್ತನೆಯ ಸೀಟು ಕಂಡಿತು. ಮನೆಗೆ ಇನ್ನೂ ನೂರಹತ್ತು ಮೈಲಿ.

ನಾನೇ ಆ ಬಾಗಿಲು ಮುಚ್ಚಿದೆ. "ಹೊರಡು. ನನ್ನ ರೈಲು ಬರೋ ಹೊತ್ತಾಯ್ತು," ಎಂದೆ.