ಜೂನ್ ಒಂದರಂದು ಹುಟ್ಟಿದ ಏಳು ಮಂದಿ

ಹತ್ತು ಅರ್ಜಿಗಳಲ್ಲಿ ಏಳರ ಜನ್ಮದಿನ ಜೂನ್ ಒಂದು. ನಂಜೇದೇವರು ಅವನ್ನು ಬೇರೆ ಮಾಡಿ ಮೇಜಿನ ಎಡಕ್ಕಿಟ್ಟರು.

ಅದು ೧೯೯೮ರ ಜುಲೈ, ಬುಧವಾರ. ಹರಪನಹಳ್ಳಿಯ ಆ ಖಾಸಗಿ ಕಾಲೇಜು ಬಿ.ಎಸ್ಸಿ.ಗೆ ಮೊದಲ ಬಾರಿ ಸಂಖ್ಯಾಶಾಸ್ತ್ರ ಇಟ್ಟಿತ್ತು. ಕಲಿಸಲು ಬಂದ ನಂಜೇದೇವರು ಮೈಸೂರು ನಗರದಲ್ಲೇ ಬೆಳೆದವರು. ಪಿಯುಸಿಯಲ್ಲಿ ಗಣಿತ ಓದಿದ ಹತ್ತು ಮಂದಿ ಶನಿವಾರದೊಳಗೆ ಸೇರದಿದ್ದರೆ ವಿಷಯವೇ ರದ್ದು. ಸೋಮವಾರ ಆರಿದ್ದ ಅರ್ಜಿಗಳು ಎರಡೇ ದಿನದಲ್ಲಿ ಸರಿಯಾಗಿ ಹತ್ತಾಗಿದ್ದವು.

ಎದುರಿಗೆ ಯಶೋಧರಾ ನಿಂತಿದ್ದಳು. ಅಂಚೆ ಕಚೇರಿಯ ಪಕ್ಕೀರಪ್ಪನ ಮಗಳು. ಮೊದಲ ಅರ್ಜಿ ಅವಳದೇ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಪದವಿಯ ಮೂರೂ ವರ್ಷ ಗಣಿತದ ಜೊತೆ ಅದನ್ನು ಓದಿರಬೇಕು. ದಾವಣಗೆರೆಯಲ್ಲಿ ಹಾಸ್ಟೆಲ್ ಸಿಕ್ಕಿರಲಿಲ್ಲ. ಇಲ್ಲಿ ರದ್ದಾದರೆ ಅಲ್ಲಿಗೆ ಮುಗಿಯಿತು.

ನಂಜೇದೇವರು ಗುಮಾಸ್ತರತ್ತ ತಿರುಗಿದರು. "ನಾಗೇಂದ್ರಪ್ಪನವರೇ, ಲೆಕ್ಕ ಹಾಕಿದ್ದೀನಿ. ಒಂದರ ಮುಂದೆ ಹದಿಮೂರು ಸೊನ್ನೆ ಇಟ್ಟಷ್ಟು ಸಲ ಹತ್ತತ್ತು ಜನರನ್ನ ಆರಿಸಿದ್ರೂ ಒಮ್ಮೆ ಹೀಗಾದ್ರೆ ಹೆಚ್ಚು. ಯಾರು ಕೂತು ಬರೆದಿದ್ದು ಇದನ್ನ?"

ಗುಮಾಸ್ತ ನಾಗೇಂದ್ರಪ್ಪ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದರು. "ಕುಂತ್ ಬರ್ಯಾಕ ನನಗ ಬ್ಯಾರೆ ಕೆಲ್ಸ ಇಲ್ಲೇನ್ರಿ ಸಾರ್? ನಿಮ್ ಮೈಸೂರಾಗ ದಿನಕ್ಕೊಬ್ರೇ ಹುಟ್ತಾರೇನು?"

"ಸಾರ್," ಎಂದಳು ಯಶೋಧರಾ, "ನಮ್ಮ ಕಡಿ ಸಾಲಿಗೆ ಸೇರ್ಸುವಾಗ ತಾರೀಖು ಗೊತ್ತಿರಂಗಿಲ್ಲ. ಜ್ವಾಳ ಕೊಯ್ಯೋವಾಗ ಹುಟ್ಟ್ಯಾನ ಅಂತಾರ. ಹೆಡ್‌ಮಾಸ್ತರು ಜೂನ್ ಒಂದು ಅಂತ ಬರೀತಾರ, ವಯಸ್ಸು ಸರಿ ಹೊಂದ್ತೈತಿ. ಬೇಕಾದ್ರ ಇವ್ರ ಸರ್ವೀಸ್ ಪುಸ್ತಕಾನೂ ನೋಡ್ರಿ."

"ನಡುವ ನನ್ನದ್ಯಾಕ ಎಳಿತಿಯವ್ವ?"

ನಂಜೇದೇವರು ಸುಮ್ಮನೆ ನಂಬುವವರಲ್ಲ. ಬೀರು ತೆಗೆಸಿ ಸಿಬ್ಬಂದಿಯ ಪುಸ್ತಕಗಳನ್ನು ಒಂದೊಂದಾಗಿ ನೋಡಿದರು. ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿಗೆ ಜೂನ್ ಒಂದು. ಗುಮಾಸ್ತರಿಗೂ, ಪ್ರಾಂಶುಪಾಲರಿಗೂ.

"ಎಲ್ಲ ದಿನವೂ ಸಮ ಅಂತ ಹಿಡಿದದ್ದು ನನ್ನ ತಪ್ಪು" ಎಂದು ಲೆಕ್ಕದ ಹಾಳೆ ಮಡಚಿದರು. ಆದರೆ ಕೈ ಬಲಗಡೆಯ ಮೂರು ಅರ್ಜಿಗಳ ಮೇಲೆ ಹೋಯಿತು. "ಹಾಗಾದ್ರೆ ಇವರಿಗೆ ಮಾತ್ರ ತಾರೀಖು ಎಲ್ಲಿಂದ ಬಂತು?"

"ಒಂದು ನಂದು ಸಾರ್. ಆಸ್ಪತ್ರಿಯಾಗ ಹುಟ್ಟಿದ್ದು, ಚೀಟಿ ಐತಿ. ಇನ್ನೊಂದು ಪುಷ್ಪಲತಾಂದು. ಅಕಿ ಮಾಸ್ತರ ಮಗಳು, ಅವ್ರಪ್ಪ ಖರೇ ತಾರೀಖೇ ಬರ್ಸ್ಯಾರ."

"ಹಿರೇಹಡಗಲಿ ಕೊಟ್ರಸ್ವಾಮಿ? ಅಕ್ಟೋಬರ್ ಹದಿನೇಳು. ಗೊತ್ತಾ?"

ಗೊತ್ತಿತ್ತು. ಪಿಯುಸಿಯಲ್ಲಿ ಅವಳದೇ ತರಗತಿ. ಪರೀಕ್ಷೆ ಮುಗಿದದ್ದೇ ಹೊಸಪೇಟೆಯಲ್ಲಿ ಮಾವನ ಗ್ಯಾರೇಜು ಸೇರಿದ್ದ. ಸಹಿ ಅವನದಲ್ಲ. ನಾಗೇಂದ್ರಪ್ಪ ಕಿಟಕಿಯಾಚೆ ನೋಡುತ್ತಿದ್ದರು. ತಲೆಯಾಡಿಸಿದರೆ ಹತ್ತು ಪೂರ್ತಿ. ಆದರೆ ನಂಜೇದೇವರು ವಿಚಾರಿಸದೆ ಬಿಡುವವರಲ್ಲ. ಇದೊಂದು ಸುಳ್ಳೆಂದು ಗೊತ್ತಾದ ದಿನ ಆ ಏಳನ್ನೂ ಮತ್ತೆ ಎಡಕ್ಕಿಡುತ್ತಾರೆ.

"ಅವ ಬರಂಗಿಲ್ಲ ಸಾರ್. ಗ್ಯಾರೇಜಿನ್ಯಾಗ ಅದಾನ."

"ನಿನ್ನ ಸಲುವಾಗೇ ಅಲ್ಲೇನವ್ವ ನಾ ಹಾಕಿದ್ದು!" ನಾಗೇಂದ್ರಪ್ಪ ಹಣೆ ಬಡಿದುಕೊಂಡರು.

ನಂಜೇದೇವರು ಆ ಅರ್ಜಿಗೆ ಅಡ್ಡಗೆರೆ ಎಳೆದರು. ಉಳಿದ ಒಂಬತ್ತಕ್ಕೂ 'ಪರಿಶೀಲಿಸಿದೆ' ಎಂದು ಬರೆದು ಸಹಿ ಹಾಕಿದರು. ಒಂದು ಖಾಲಿ ಅರ್ಜಿ ತೆಗೆದರು.

"ಗಣಿತ ಓದಿ ಮನೇಲಿರೋರು ಯಾರಾದ್ರೂ ಇದ್ದಾರಾ?"

"ಕೊಟ್ಟೂರಾಗ ಅಮೃತಾ ಅದಾಳ. ಅವ್ರಪ್ಪ ಬಿ.ಎ. ಸಾಕು ಅಂತಾರ."

"ನಾನೂ ಬರ್ತೀನಿ. ನಿನ್ನ ಮಾತು ನಂಬ್ತಾರಾ?"

"ನಿಮ್ಮನ್ನ ನೋಡಿದ್ರ ಇನ್ನೂ ನಂಬಂಗಿಲ್ಲ ಸಾರ್."

ಕೊಟ್ಟೂರಿನ ಬಸ್ಸು ಎರಡೂವರೆಗೆ. ಇಬ್ಬರೂ ಹೊರಟರು.