ತೋಟಕ್ಕೆ ಬಂದ ಬಾಪಾನ ಕೆಮ್ಮು

ಕ್ಯಾಮೆರಾ ಹಾಕಿಸೋಣ ಎಂದು ಹಟ ಹಿಡಿದವಳು ನಾನೇ. ಹಾಗಾಗಿ ಯಾರನ್ನೂ ದೂರುವಂತಿಲ್ಲ.

ಮಾಘದಲ್ಲಿ ನನ್ನ ಮಾವ ವಾಲಜೀಬಾಪಾ ಪಂಪಿನ ಹತ್ತಿರ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಜುನಾಗಢದ ಡಾಕ್ಟರು ಒಳಗೆ ಸರಳು ಹಾಕಿ, ಮಾವಿನ ಸುಗ್ಗಿ ಮುಗಿಯುವ ತನಕ ಮಂಚ ಬಿಟ್ಟು ಇಳಿಯಕೂಡದು ಎಂದರು. ಐವತ್ತು ವರ್ಷ ದಿನಾ ಬೆಳಿಗ್ಗೆ ಕೇಸರ್ ಮಾವಿನ ತೋಟಕ್ಕೆ ಹೋಗಿ ಒಂದೊಂದು ಮರವನ್ನೂ ವಿಚಾರಿಸಿಕೊಂಡು ಬರುತ್ತಿದ್ದ ಮನುಷ್ಯ. ಮಂಚ ಹಿಡಿದ ಮೇಲೆ ಸಜ್ಜೆ ರೊಟ್ಟಿ ಎರಡಿದ್ದದ್ದು ಅರ್ಧಕ್ಕೆ ಇಳಿಯಿತು.

ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಬಾಪಾ ನನ್ನ ಮುಖ ನೋಡಿರಲಿಲ್ಲ. ಅವರೆದುರು ನನ್ನ ಸೆರಗು ಗದ್ದದವರೆಗೆ ಇಳಿದಿರಬೇಕು, ನೇರ ಮಾತು ಕೂಡದು. ಅತ್ತೆ ಇರುವವರೆಗೆ ಮಾತು ಅವರ ಮೂಲಕ ಹೋಗಿಬರುತ್ತಿತ್ತು. ಅವರು ಹೋದ ಮೇಲೆ ಆ ಕೆಲಸ ಅಂಗಳದ ಎಮ್ಮೆ ಭೂರಿಗೆ ಬಿತ್ತು.

"ಭೂರೀ, ತೋಟ ಹೇಗಿದೆಯಂತೆ?" ಎಂದು ಬಾಪಾ ಮಂಚದಿಂದ ಕೇಳುವರು.

"ಭೂರೀ, ಚೆನ್ನಾಗಿದೆ ಅಂತ ಹೇಳು," ಎಂದು ನಾನು ಸೆರಗಿನೊಳಗಿಂದ ಹೇಳುವೆ.

"ಭೂರೀ, ಚೆನ್ನಾಗಿದೆ ಅಂದ್ರೆ ಏನು ಮಣ್ಣು ತಿಳಿಯುತ್ತೆ? ಬಾವಿ ಮರದ ಕಾಯಿ ಎಷ್ಟು ದಪ್ಪ ಆಗಿದೆ? ಮೇಲಿನ ಸಾಲಲ್ಲಿ ಎಷ್ಟು ಉದುರಿದೆ? ಸರಿಯಾಗಿ ಹೇಳೋಕೆ ಏನಂತೆ?"

ಎಮ್ಮೆ ಮೆಲುಕು ಹಾಕುತ್ತಿತ್ತು. ಕಾಯಿಯ ದಪ್ಪವನ್ನು ಎಮ್ಮೆಯ ಮೂಲಕ ಹೇಗೆ ತೋರಿಸಲಿ? ಕಣ್ಣಿಂದ ನೋಡಬೇಕಾದ್ದನ್ನು ಕಣ್ಣೇ ನೋಡಬೇಕು. ಆಗಲೇ ನನಗೆ ಕ್ಯಾಮೆರಾದ ಯೋಚನೆ ಹೊಳೆದದ್ದು.

ತಾಲಾಲಾದಿಂದ ಭಾವೇಶ್ ಎಂಬ ಹುಡುಗಾಟದ ಆಸಾಮಿ ಐದು ಕ್ಯಾಮೆರಾ, ತಂತಿಯ ಸುರುಳಿಗಳನ್ನು ಹೇರಿಕೊಂಡು ಬಂದ. ನನ್ನ ಗಂಡ ರಮಣಿಕ್ ಹಣ್ಣು ತುಂಬುವ ಡಬ್ಬಿ ತರಲು ಪೇಟೆಗೆ ಹೋಗಿದ್ದರಿಂದ ಏಣಿ ಹಿಡಿದದ್ದು ನಾನೇ.

"ಭಾಭಿ, ಈ ಒಂದೇ ತಂತಿಯಲ್ಲಿ ಕರೆಂಟು ಹೋಗುತ್ತೆ, ಚಿತ್ರ ಬರುತ್ತೆ. ಪಂಪಿನ ಮನೆ ಮೇಲಿರೋ ಆಂಟೆನಾ ನಿಮ್ಮ ಮನೆ ಮೇಲಿನ ಆಂಟೆನಾ ಜೊತೆ ಮಾತಾಡುತ್ತೆ."

"ನಡುವೆ ಎಮ್ಮೆ ಬೇಡವಾ?"

"ಎಮ್ಮೆ ಯಾಕೆ?"

"ಏನಿಲ್ಲ, ನೀನು ತಂತಿ ಎಳಿ. ಪೈಪಿನೊಳಗೆ ಹಾಕು, ಇಲ್ಲಿನ ಅಳಿಲು ನಿನ್ನಂಥವರನ್ನ ಎಷ್ಟು ನೋಡಿದೆಯೋ!"

ಯಾವ ಕಂಬಕ್ಕೆ ಯಾವ ಕ್ಯಾಮೆರಾ, ಎತ್ತ ಮುಖ ಎಂದು ನಾನೇ ನಿಂತು ಹೇಳಿದೆ. ಬಾಪಾನಿಗೆ ಒಂದು ಮರವೂ ತಪ್ಪಬಾರದು. ಬಾವಿ, ಬೇಲಿಯ ಗೇಟು, ಕಾಯಿ ಸುರಿಯುವ ಚಪ್ಪರ, ಪಕ್ಕದ ಕಾಡಿನ ಸಿಂಹ ನೀರು ಕುಡಿಯಲು ಬರುವ ತೊಟ್ಟಿ, ಎಲ್ಲವನ್ನೂ ಹೊಂದಿಸಿದೆ. ಸಂಜೆ ನಾಲ್ಕಕ್ಕೆ ಭಾವೇಶ್ ಮನೆಗೆ ಹೋಗಿ ಬಾಪಾನ ಮಂಚದ ಕಾಲ್ಗಡೆ ಸ್ಕ್ರೀನ್ ಇಟ್ಟು ಹೊತ್ತಿಸಿದ. ಎರಡೇ ನಿಮಿಷಕ್ಕೆ, ಅಷ್ಟರಲ್ಲಿ ಪೇಟೆಯಿಂದ ಮನೆಗೆ ಬಂದಿದ್ದ ರಮಣಿಕ್‌ನ ಫೋನು.

"ಜಶೂ, ಸೆರಗು!"

"ಯಾವ ಸೆರಗು?"

"ನಿಂದೇ ಮಾರಾಯ್ತಿ! ಚಪ್ಪರದ ಕ್ಯಾಮೆರಾದಲ್ಲಿ ಬರೀ ತಲೆಯಲ್ಲಿ ಬಾಯಿ ಬಿಟ್ಕೊಂಡು ನಿಂತಿದ್ದೀಯ. ಬಾಪಾ ಗೋಡೆ ಕಡೆ ತಿರುಗಿಬಿಟ್ಟಿದಾರೆ."

ಮರವೊಂದೂ ತಪ್ಪದ ಹಾಗೆ ಅಳತೆ ಮಾಡಿದ ಜಾಣೆ, ಆ ಮರಗಳ ಕೆಳಗೆ ದಿನವಿಡೀ ಓಡಾಡುವವಳು ನಾನೇ ಎಂಬುದನ್ನು ಮರೆತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಈ ಜಗತ್ತಿನಲ್ಲಿ ನನ್ನ ಸೆರಗು ಹೆಗಲ ಮೇಲಿರುವುದಕ್ಕೆ ಇದ್ದದ್ದು ಅದೊಂದೇ ಜಾಗ. ಅಲ್ಲಿ ನಾನು ಜೋರಾಗಿ ನಗುತ್ತಿದ್ದೆ, ಏಣಿ ಹತ್ತುತ್ತಿದ್ದೆ, ಮುಖಕ್ಕೆ ಗಾಳಿಯಾಡಲು ಬಿಡುತ್ತಿದ್ದೆ. ಮಾರನೆಯ ದಿನದಿಂದ ವೈಶಾಖದ ಧಗೆಯಲ್ಲಿ ತಲೆಯಿಂದ ಗದ್ದದವರೆಗೆ ಮುಚ್ಚಿಕೊಂಡು ಉದುರಿದ ಕಾಯಿ ಆರಿಸಿದೆ. ಮೂರು ದಿನಕ್ಕೆ ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿತು.

"ತೆಗೆಸಿಬಿಡಿ ಆ ಪೀಡೆಗಳನ್ನ," ಎಂದೆ ರಮಣಿಕ್‌ಗೆ.

"ತೆಗೆಸ್ತೀನಿ. ಇವತ್ತು ಬಾಪಾ ಎರಡು ರೊಟ್ಟಿ ತಿಂದ್ರು, ಗೊತ್ತಾ?"

ಮಾರನೆಯ ದಿನವೂ ಮುಖ ಮುಚ್ಚಿಕೊಂಡೇ ತೋಟಕ್ಕೆ ಹೋದೆ.

ಉಪಾಯ ಹುಡುಕಿದವರು ಬಾಪಾ. ಮನೆಯ ಹಿರಿಯರು ಅಂಗಳಕ್ಕೆ ಕಾಲಿಡುವ ಮೊದಲು ಹೊರಗೇ ನಿಂತು ಗಂಟಲು ಸರಿಮಾಡಿ ಕೆಮ್ಮುತ್ತಾರೆ. ಒಳಗಿನ ಹೆಣ್ಣುಮಕ್ಕಳು ಸೆರಗೆಳೆದುಕೊಳ್ಳಲಿ ಎಂದು. ರಿಮೋಟಿನ ಗುಂಡಿ ಒತ್ತಿ ಮಾತಾಡಿದರೆ ಕ್ಯಾಮೆರಾಗಳಿಂದ ದನಿ ಬರುತ್ತದೆ, ಅಲ್ಲಿನ ಮಾತೂ ಇಲ್ಲಿ ಕೇಳುತ್ತದೆ ಎಂದು ಭಾವೇಶ್ ತೋರಿಸಿಕೊಟ್ಟಿದ್ದನಂತೆ. ಒಂದು ಬೆಳಿಗ್ಗೆ ನಾನು ಕೆಲಸದ ರತನ್‌ಬೆನ್ ಜೊತೆ ಬುಟ್ಟಿ ಜೋಡಿಸುತ್ತಿದ್ದಾಗ ತೋಟದ ಐದು ಮೂಲೆಯಿಂದ ಒಟ್ಟಿಗೆ "ಖ್ಹೂಂ! ಖ್ಹೂಂ!" ಎಂದು ಬಾಪಾನ ಕೆಮ್ಮು ಬಂತು. ಗಿಳಿಗಳೆಲ್ಲ ಹಾರಿಹೋದವು. ರತನ್‌ಬೆನ್ ಬುಟ್ಟಿ ಕೈಬಿಟ್ಟಳು.

"ಅಯ್ಯಯ್ಯೋ, ನಿಮ್ಮ ಮಾವ ಐದು ಬಾಯಲ್ಲಿ ಕೆಮ್ತಾರಲ್ಲೇ! ರಾವಣನ ಅರ್ಧ ಆಗೋದ್ರಲ್ಲಾ!"

ನಕ್ಕೂ ನಕ್ಕೂ ನನಗೆ ಸೆರಗೆಳೆಯಲು ಕೈ ಬರಲಿಲ್ಲ. ಅಲ್ಲಿಂದ ಕ್ರಮ ಕುದುರಿತು. ಕೆಮ್ಮು ಬಂದರೆ ಮುಚ್ಚಿಕೊಳ್ಳುವುದು, ಅರ್ಧ ಗಂಟೆ ಅವರು ತೋಟ ನೋಡುವುದು, ಹೋಗುವಾಗ ಇನ್ನೊಮ್ಮೆ ಕೆಮ್ಮುವುದು, ಮತ್ತೆ ನನ್ನ ಮುಖ ನನಗೆ.

ಎಂಟನೆಯ ದಿನ ನಾನು ಬಾವಿ ಮರಕ್ಕೆ ಏಣಿ ಹಾಕಿ ಮೇಲೆ ನಿಂತಿದ್ದೆ. ಕೆಮ್ಮು ಬಂತು. ಗಾಬರಿಯಲ್ಲಿ ಎರಡೂ ಕೈಯಿಂದ ಸೆರಗು ಹಿಡಿದೆ. ಏಣಿ ಹಿಡಿಯುವವರು ಯಾರು? ಕೊಂಬೆಗೆ ತಗುಲಿ, ಹುಲ್ಲಿನ ಮೇಲೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಐದು ಕಂಬದಿಂದಲೂ "ಜಶೂ!" ಎಂಬ ಕೂಗು ಕೇಳಿತು. ಬಾಪಾನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದರೆ ಸ್ಕ್ರೀನ್ ಕಪ್ಪಾಗಿತ್ತು, ಬಾಪಾ ಮಂಚದಿಂದಲೇ ಕೋಲಿನಲ್ಲಿ ತಂತಿ ಎಳೆದು ಪ್ಲಗ್ ಕಿತ್ತಿದ್ದರು.

"ಭೂರೀ, ಅದನ್ನ ನೋಡಿದ್ರೆ ಕಣ್ಣುರಿ ಬರುತ್ತೆ. ನನಗೆ ಬೇಡ ಅಂತ ಹೇಳು," ಎಂದರು ಬಾಪಾ, ಗೋಡೆ ನೋಡುತ್ತ.

ಹಸಿ ಸುಳ್ಳು. ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಹಾಗೇ ಉಳಿದಿತ್ತು.

ಎರಡು ದಿನ ನಾನು ತೋಟದಲ್ಲಿ ರಾಣಿಯ ಹಾಗೆ ಮೆರೆದೆ ಎಂದು ಹೇಳಿಕೊಳ್ಳಬೇಕು. ಮೂರನೆಯ ದಿನ ಗಾಳಿಯೂ ರುಚಿಸಲಿಲ್ಲ. ನನಗೆ ಮಗಳು ಹುಟ್ಟಿದಾಗ ನೆಂಟರೆಲ್ಲ ಮುಖ ಸಪ್ಪಗೆ ಮಾಡಿದ್ದರು, ಈ ಮುದುಕ ಊರಿಡೀ ಪೇಡ ಹಂಚಿಬಂದು, ಬಾಗಿಲಾಚೆ ನಿಂತು, ನನಗೆ ಕೇಳಲೆಂದೇ ಅತ್ತೆಗೆ ಹೇಳಿದ್ದರು, "ಲಕ್ಷ್ಮಿ ಬಂದಿದಾಳೆ, ಅವಳಮ್ಮನಿಗೆ ತುಪ್ಪ ಜಾಸ್ತಿ ಹಾಕು." ನನ್ನ ಸ್ವಂತ ಅಪ್ಪ ಅಷ್ಟು ಹೇಳಿರಲಿಲ್ಲ. ನಾನು ಅವರನ್ನು ಪ್ರೀತಿಸುತ್ತಿದ್ದೆ. ನನಗಾಗಿ ತನ್ನ ತೋಟವನ್ನೇ ಬಿಟ್ಟುಕೊಟ್ಟು ಗೋಡೆ ನೋಡುತ್ತ ಮಲಗಿದ್ದಾರೆ, ನಾನಿಲ್ಲಿ ಗಾಳಿ ತಿನ್ನುತ್ತಿದ್ದೇನೆ!

ಮಾರನೆಯ ಬೆಳಿಗ್ಗೆ ಪ್ಲಗ್ ಹಾಕಿ ತೋಟಕ್ಕೆ ಹೋದೆ. ರಮಣಿಕ್‌ಗೆ ಫೋನು ಮಾಡಿದೆ. "ಬಾಪಾನ್ನ ಸ್ಕ್ರೀನ್ ಕಡೆ ತಿರುಗಿಸಿ. ಕಾಯಿ ಕೀಳಬೇಕೋ ಬೇಡವೋ ಕೇಳಬೇಕು."

"ನೀನು ಮುಚ್ಕೊಂಡಿದ್ದೀಯಾ?"

"ಇಲ್ಲ."

"ತಿರುಗಿಸ್ತೀನಿ," ಎಂದ ಗಂಡ.

ಬಾವಿ ಮರದ ಒಂದು ಕಾಯಿ ಕಿತ್ತು, ಕ್ಯಾಮೆರಾದ ಕೆಳಗೆ ನಿಂತೆ. ಸೆರಗು ಹೆಗಲ ಮೇಲಿತ್ತು. ಇವರು ಮತ್ತೆ ಗೋಡೆಗೆ ತಿರುಗಿದರೆ ನಾನು ಇನ್ನು ಯಾವ ಮುಖ ಹೊತ್ತು ಆ ಮನೆಗೆ ಹೋಗಲಿ?

"ಬಾಪಾ, ನಾನು ಜಶು," ಎಂದೆ. "ಬೇರೆ ಯಾರಿಗೂ ಅಲ್ಲ, ನಿಮಗೇ ಹೇಳ್ತಿರೋದು. ತೊಟ್ಟಿನ ಪಕ್ಕ ಕಾಯಿ ಉಬ್ಬಿದೆ. ಕೀಳೋಣವಾ, ನಾಲ್ಕು ದಿನ ಬಿಡೋಣವಾ? ನೀವು ನೋಡಿ ಹೇಳದೆ ನಾನು ಇನ್ನೊಂದನ್ನೂ ಕೀಳಲ್ಲ." ಕಾಯಿಯನ್ನು ಎರಡೂ ಕೈಯಲ್ಲಿ ಕ್ಯಾಮೆರಾದ ಹತ್ತಿರ ಎತ್ತಿ ಹಿಡಿದೆ.

ತೋಳು ಸೋತು ಬಂದವು. ಇಳಿಸಲೇ ಎಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ಬಾಪಾನ ದನಿ ಬಂತು, ತುಂಬ ಮೆಲ್ಲಗೆ.

"ಮಗಳೇ, ಕಾಯಿ ಸ್ವಲ್ಪ ಕೆಳಗಿಳಿಸು. ನಿನ್ನ ಮುಖಕ್ಕೆ ಅಡ್ಡ ಬರ್ತಿದೆ."